ಬಿಸಿಲು ಕೇಳುವ ಗಿಡ, ನೀರು ಕೇಳುವ ಗಿಡ

ಗಿಡ ಸಾಕಿದ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಎದುರು ಮನೆಯವರೂ ಗಿಡ ಸಾಕಿದ್ದರೆ ಎರಡು ಪಟ್ಟು ಆಗುತ್ತದೆ.

ನಾನು ಹೆಚ್ಚು ಮಾತಾಡುವವನಲ್ಲ. ನನ್ನ ಬಾಯಿಂದ ಮಾತು ತೆಗೆಯುವುದಕ್ಕಿಂತ ಒಣಕೊಬ್ಬರಿಯಿಂದ ಹಾಲು ತೆಗೆಯುವುದು ಸುಲಭ ಎಂದು ಹೆಂಡತಿ ಹೇಳುತ್ತಾಳೆ. ಆದರೆ ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗನ್ನು ಈಗ ಕೆಡವಿದ್ದಾರೆ. ಹೊಸದು ಕಟ್ಟುತ್ತಾರಂತೆ. ಅಲ್ಲಿಯವರೆಗೆ ನಾವು ವಿಲೆ ಪಾರ್ಲೆಯಲ್ಲಿ, ಎದುರು ಮನೆಯವರು ಕಾಂದಿವಲಿಯಲ್ಲಿ. ನನ್ನ ಗಿಡ ಅವರ ಹತ್ತಿರ, ಅವರ ಗಿಡ ನನ್ನ ಹತ್ತಿರ. ಅವರ ಕೈಯಲ್ಲಿ ನನ್ನದು ಉಳಿಯಬೇಕು, ನನ್ನ ಕೈಯಲ್ಲಿ ಅವರದು. ಇಬ್ಬರಿಗೂ ಈಗ ಇರುವ ಚಿಂತೆ ಇಷ್ಟೇ. ಹೀಗೆ ಯಾಕಾಯಿತು ಎಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಒಂದೇ ಅಂಗಡಿ

ಎದುರು ಮನೆಯವರು ಉಡುಪಿ ಕಡೆಯವರು. ಸ್ಟೇಶನ್ ಹತ್ತಿರ ಅವರದೊಂದು ಹೋಟೆಲ್ ಇತ್ತು. ಜನ್ಮವಿಡೀ ಗಲ್ಲಾದ ಮೇಲೆ ಕೂತವರು. ಬಿಲ್ಡಿಂಗಿನಲ್ಲಿ ಎಲ್ಲರೂ ಅವರನ್ನು ಹೋಟೆಲಿನವರು ಎಂದೇ ಕರೆಯುತ್ತಿದ್ದರು. ನಾನು ವಿಜಯಪುರದವನು, ಆಫೀಸಿನಲ್ಲಿ ಗುಮಾಸ್ತ.

ಒಂದು ಭಾನುವಾರ ಇಬ್ಬರೂ ಮಾಟುಂಗಾ ಮಾರ್ಕೆಟ್ಟಿಗೆ ತರಕಾರಿ ತರಲು ಹೋದೆವು. ಫುಟ್‌ಪಾತಿನಲ್ಲಿ ಒಬ್ಬ ಗಿಡ ಮಾರುತ್ತಿದ್ದ. ಎರಡು ಕುಂಡ ಮುಂದಕ್ಕೆ ತಳ್ಳಿದ. ಒಂದು ಅಡೇನಿಯಂ. ದಪ್ಪ ಬುಡ, ಮೇಲೆ ನಾಲ್ಕು ಎಲೆ, ಗುಲಾಬಿ ಹೂ. ಇನ್ನೊಂದು ಪೀಸ್ ಲಿಲಿ. ತುಂಬ ಹಸಿರೆಲೆ, ನಡುವೆ ಒಂದು ಬಿಳಿ ಹೂ.

"ದೋನೋ ಬರಸೋಂ ಚಲೇಗಾ," ಎಂದ. "ಇಸ್‌ಕೋ ಧೂಪ್ ದೋ, ಪಾನಿ ಮತ್ ದೋ. ಉಸ್‌ಕೋ ಪಾನಿ ದೋ, ಧೂಪ್ ಮತ್ ದೋ. ಬಸ್."

ನಾನು ಬಿಸಿಲು ಬೇಕಾದ, ನೀರು ಬೇಡದ ಅಡೇನಿಯಂ ಎತ್ತಿಕೊಂಡೆ. ಅವರು ನೀರು ಬೇಕಾದ, ಬಿಸಿಲು ಬೇಡದ ಲಿಲಿ ಎತ್ತಿಕೊಂಡರು. ಯಾರೂ ಯೋಚನೆ ಮಾಡಲಿಲ್ಲ. ನನ್ನ ಊರಿನಲ್ಲಿ ನೀರಿಲ್ಲ, ಅವರ ಊರಿನಲ್ಲಿ ಬೇರೇನಿಲ್ಲ.

ತರಕಾರಿ ತರುವುದು ಇಬ್ಬರಿಗೂ ಮರೆತಿತ್ತು. ಬಾಗಿಲು ತೆರೆದ ನನ್ನ ಹೆಂಡತಿ ಕುಂಡ ನೋಡಿ, "ಇದರ ಪಲ್ಯ ಮಾಡ್ಲೋ, ಸಾರು ಮಾಡ್ಲೋ?" ಅಂದಳು.

ಹೋಟೆಲಿನ ಪದ್ಧತಿ

ಅಡೇನಿಯಂ ಸಾಕುವುದು ಕಷ್ಟವಲ್ಲ. ಮರಳು, ಇಟ್ಟಿಗೆ ಚೂರು, ಸ್ವಲ್ಪ ಗೊಬ್ಬರ. ಬಿಸಿಲು. ಮಣ್ಣು ಪೂರ್ತಿ ಒಣಗಿದ ಮೇಲೆ ಒಮ್ಮೆ ನೀರು. ಕುಂಡ ಬದಲಿಸುವಾಗ ಪ್ರತಿ ಸಲ ಬುಡವನ್ನು ಒಂದಿಷ್ಟು ಮೇಲಕ್ಕೆ ಕೂರಿಸಬೇಕು. ಹಾಗೆ ಮಾಡಿ ಮಾಡಿ ನನ್ನದರ ಬುಡ ಸಣ್ಣ ಕುಂಬಳಕಾಯಿಯಷ್ಟಾಗಿತ್ತು. ಜನ ಹೂ ನೋಡುತ್ತಾರೆ. ನಾನು ಬುಡ ನೋಡುತ್ತೇನೆ. ಹೂ ಪ್ರತಿ ವರ್ಷ ಬರುತ್ತದೆ. ಬುಡಕ್ಕೆ ಒಂದು ಆಯುಷ್ಯ ಬೇಕು.

ಒಮ್ಮೆ ಮದುವೆಗೆಂದು ನಾವು ಊರಿಗೆ ಹೊರಟೆವು. ಕೀಲಿ ಹೋಟೆಲಿನವರಿಗೆ ಕೊಟ್ಟೆ. "ನೀರು ಬ್ಯಾಡ" ಎಂದು ಹೇಳಿದೆ. ಇನ್ನೂ ವಿವರಿಸಬೇಕಿತ್ತೆಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ತಿರುಗಿ ಬಂದಾಗ ಕುಂಡದ ಮಣ್ಣು ದೋಸೆ ಹಿಟ್ಟಾಗಿತ್ತು. ಎಲೆ ಹಳದಿ.

"ನೀರು ಹಾಕಿದ್ರೇನು?"

"ಒಂದೇ ಲೋಟ ಮಾರಾಯ್ರೆ. ದಿನಾ ಒಂದೇ ಲೋಟ. ಬಂದವರ ಮುಂದೆ ಮೊದಲು ನೀರು ಇಡ್ಬೇಕು. ತಿಂಡಿ ಆಮೇಲೆ. ನಮ್ಮ ಹೋಟೆಲಿನಲ್ಲಿ ಅದೇ ಪದ್ಧತಿ."

"ಅದು ಬಂದದ್ದಲ್ಲ. ಇಲ್ಲೇ ಇದ್ದದ್ದು."

"ಇದ್ದವರಿಗೆ ಎರಡನೇ ಸಲ ಕೇಳ್ಬೇಕು."

ನಾನು ಗಿಡವನ್ನು ಕಿತ್ತೆ. ಬೇರು ತೊಳೆದೆ. ಒಣಗಲೆಂದು ನೆರಳಿನಲ್ಲಿ ಪೇಪರಿನ ಮೇಲೆ ಮಲಗಿಸಿದೆ. ಹಾಗೇ ಬಿಟ್ಟೆ. ಹೋಟೆಲಿನವರು ಬೆಳಿಗ್ಗೆ ಸಂಜೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಕೊನೆಗೆ ತಡೆಯಲಾಗದೆ ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದರಂತೆ:

"ಅಕ್ಕ, ಇದಕ್ಕೆ ಏಕಾದಶಿ ಯಾವಾಗ ಮುಗಿಯುವುದು?"

ಧಾರಾಳ

ನಾನು ಸಾಚಾ ಎಂದು ಹೇಳುತ್ತಿಲ್ಲ. ಮರುವರ್ಷ ಬೇಸಿಗೆಯಲ್ಲಿ ಅವರು ಉಡುಪಿಗೆ ಹೋದರು. ಲಿಲಿ ನಮ್ಮ ಪಾಲಿಗೆ ಬಂತು. ಎರಡು ಮನೆಯ ಬಾಗಿಲುಗಳ ನಡುವೆ, ಮೆಟ್ಟಿಲಿನ ತಿರುವಿನಲ್ಲಿ ಅದರ ಜಾಗ. ಬಿಸಿಲು ಬೀಳದ ಜಾಗ.

"ನೀರು ಧಾರಾಳ ಹಾಕಿ ಮಾರಾಯ್ರೆ," ಎಂದು ಹೇಳಿ ಹೋಗಿದ್ದರು.

ನಮ್ಮ ಕಡೆ ಧಾರಾಳ ಅಂದರೆ ಒಂದು ತಂಬಿಗೆ. ಅದೂ ಪಾತ್ರೆ ತೊಳೆದು ಉಳಿದದ್ದು. ನಾನು ಸಣ್ಣವನಿದ್ದಾಗ ತುಂಬಿದ ಬಿಂದಿಗೆ ಬೀಳಿಸಿದ್ದಕ್ಕೆ ಅವ್ವ ಊಟ ಹಾಕಿರಲಿಲ್ಲ. ಕೈ ಬಗ್ಗಬೇಕಲ್ಲ. ಒಂದು ತಂಬಿಗೆ ಹಾಕಿದೆ. ಧಾರಾಳವಾಯಿತೆಂದು ಕೆಲವು ದಿನ ಸುಮ್ಮನಿದ್ದೆ.

ಅವರು ಬರುವ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಲಿಲಿ ನೆಲಕ್ಕೆ ಒರಗಿತ್ತು. ಒಂದು ಎಲೆಯಾದರೂ ನಿಂತಿರಲಿಲ್ಲ. ಹೆಂಡತಿ ಓಡಿ ಬಂದಳು. "ಸಾಯಿಸಿದ್ರಿ!" ಎಂದು ಒಂದು ಬಕೆಟ್ ನೀರು ತಂದು ಸುರಿದಳು. ಅಷ್ಟರಲ್ಲಿ ಮೆಟ್ಟಿಲು ಹತ್ತುವವರು, ಇಳಿಯುವವರು ಒಬ್ಬೊಬ್ಬರೇ ನಿಂತರು. ಕೆಲವರು ಚಪ್ಪಲಿ ಬಿಟ್ಟು ನಿಂತರು. ಎರಡನೇ ಮಹಡಿಯ ಮರಾಠಿ ಆಜಿ ತಮ್ಮ ಮನೆಗೆ ಇಳಿದು ಹೋಗಿ ತಾಮ್ರದ ಗಿಂಡಿ ತಂದರು. ಕಾಶಿಯಿಂದ ತಂದ ಗಂಗೆ. ಒಂದು ಚಮಚ ಹಾಕಿ, ಕಣ್ಣು ಮುಚ್ಚಿ ಏನೋ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಲಿಲಿ ಎದ್ದು ನಿಂತಿತು. ಆ ಗಿಡದ ಗುಣವೇ ಅದು. ಬಾಯಾರಿದರೆ ಸತ್ತಂತೆ ಬೀಳುತ್ತದೆ, ನೀರು ಸಿಕ್ಕರೆ ಎದ್ದು ಕೂರುತ್ತದೆ. ನನಗೆ ಆಗ ಅದು ಗೊತ್ತಿರಲಿಲ್ಲ.

ಅಂದಿನಿಂದ ಬಿಲ್ಡಿಂಗಿನಲ್ಲಿ ಯಾರಿಗೆ ಜ್ವರ ಬಂದರೂ ಆಜಿಯ ಗಿಂಡಿಗೆ ಕರೆ ಬರುತ್ತಿತ್ತು. ನಮ್ಮ ಬಕೆಟ್ಟನ್ನು ಯಾರೂ ಕೇಳಲಿಲ್ಲ.

ಕೊಡೆ

ಅಡೇನಿಯಂಗೆ ಮುಂಬಯಿಯ ಮಳೆ ಆಗಿಬರುವುದಿಲ್ಲ. ಬುಡ ಕೊಳೆಯುತ್ತದೆ. ಕೊಳೆಯುವುದು ಒಳಗಿನಿಂದ. ಹೊರಗೆ ಏನೂ ಕಾಣದು. ಮುಟ್ಟಿದರೆ ಮೆತ್ತಗೆ.

ನಮ್ಮ ಕಿಟಕಿಯ ಗ್ರಿಲ್ಲಿನ ಮೇಲಿನ ತಗಡು ಸೋರುತ್ತಿತ್ತು. ಗಿಡವನ್ನು ಒಳಗಿಟ್ಟರೆ ಬೆಳಕಿಲ್ಲ. ಒಂದು ಜುಲೈ ಬೆಳಿಗ್ಗೆ ನನ್ನ ಕೊಡೆ ಬಿಚ್ಚಿ ಅದರ ಮೇಲೆ ಹಗ್ಗದಿಂದ ಕಟ್ಟಿದೆ. ಆಫೀಸಿಗೆ ಹೊರಟೆ. ಸ್ಟೇಶನ್ ಮುಟ್ಟುವ ಹೊತ್ತಿಗೆ ಬನಿಯನ್ ಕೂಡ ತೊಯ್ದಿತ್ತು. ಹೋಟೆಲಿನವರು ತಮ್ಮ ಹೋಟೆಲಿನ ಬಾಗಿಲಲ್ಲಿ ನಿಂತಿದ್ದರು.

"ಎಂತ ಮಾರಾಯ್ರೆ, ಕೊಡೆ ಎಲ್ಲಿ?"

"ಮನಿಯಾಗ."

"ಮರೆತದ್ದಾ?"

"ಇಲ್ಲ."

ಅವರು ಒಳಗೆ ಕರೆದು ಬಿಸಿ ಕಾಫಿ ಕೊಟ್ಟರು.

ಅದೇ ದಿನ ಅವರ ಹೆಂಡತಿ, ಮಳೆನೀರು ಒಳ್ಳೆಯದೆಂದು ಲಿಲಿಯನ್ನು ತಂದು ನಮ್ಮದೇ ಗ್ರಿಲ್ಲಿನಲ್ಲಿ ತಗಡು ಸೋರುವ ಕಡೆ ಇಟ್ಟಿದ್ದರು. ಒಂದಕ್ಕೆ ಕೊಡೆ, ಪಕ್ಕದ್ದಕ್ಕೆ ಜಳಕ. ಕೆಳಗಿನಿಂದ ಆಜಿ ತಲೆ ಎತ್ತಿ ನೋಡಿದರು. ಇವೆರಡೂ ಸವತಿಯರೇನು, ಒಬ್ಬಳಿಗೆ ಇಷ್ಟು ಮುದ್ದು, ಒಬ್ಬಳಿಗೆ ಈ ಗತಿ ಎಂದು ಮರಾಠಿಯಲ್ಲಿ ಕೇಳಿದರು.

ನನ್ನ ಹೆಂಡತಿ ಮೇಲಿನಿಂದಲೇ ಉತ್ತರ ಕೊಟ್ಟಳು: "ಅವೆರಡೂ ನನಗ ಸವತಿ, ಆಜಿ!"

ಬಿಲ್ಡರಿನ ಮನುಷ್ಯ

ಇಂಥವು ಇನ್ನೂ ಇದ್ದವು. ಆದರೆ ಬಿಲ್ಡಿಂಗಿಗೆ ವಯಸ್ಸಾಗಿತ್ತು. ಹೋಟೆಲಿನವರು ಹೋಟೆಲನ್ನು ಬೇರೆಯವರಿಗೆ ಕೊಟ್ಟು ಮನೆಯಲ್ಲಿದ್ದರು. ನಾನೂ ರಿಟೈರ್ ಆಗಿದ್ದೆ. ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ಮಾತು ಬಂತು.

ಸೊಸೈಟಿಯ ಮೀಟಿಂಗಿಗೆ ಬಿಲ್ಡರಿನ ಮನುಷ್ಯನೊಬ್ಬ ಬಂದ. ಗೋಡೆಯ ಮೇಲೆ ಚಿತ್ರ ತೋರಿಸಿದ. ಈಜುಕೊಳ, ಜಿಮ್, ಗಾಜಿನ ಲಿಫ್ಟು. ಎಲ್ಲರೂ ಪಾರ್ಕಿಂಗ್ ಕೇಳಿದರು, ಕಾರ್ಪೆಟ್ ಏರಿಯಾ ಕೇಳಿದರು. ನಾನು ಕೈ ಎತ್ತಿದೆ. ಮೀಟಿಂಗಿನಲ್ಲಿ ನಾನು ಕೈ ಎತ್ತಿದ್ದು ಅದೇ ಮೊದಲು. ಸೆಕ್ರೆಟರಿ ಗಾಬರಿಯಾಗಿ, "ಬೋಲಾ ಕಾಕಾ, ಬೋಲಾ!" ಎಂದ.

"ಧೂಪ್ ಕಿಧರ್ ಸೇ ಆಯೇಗಾ?" ಎಂದು ಬಿಸಿಲಿನ ದಿಕ್ಕು ಕೇಳಿದೆ.

ಬಿಲ್ಡರಿನ ಮನುಷ್ಯ ನಕ್ಕ. "ಅಂಕಲ್, ಟೆನ್ಶನ್ ಮತ್ ಲೋ. ಸಬ್ ತರಫ್ ಎಲ್‌ಇಡಿ ಹೈ."

ಹೋಟೆಲಿನವರು ಎದ್ದು ನಿಂತರು. ನಮ್ಮಿಬ್ಬರ ಬಾಗಿಲು ಈಗಿನಂತೆ ಎದುರುಬದುರು ಇರುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಅವನು ಎದೆಯ ಮೇಲೆ ಕೈಯಿಟ್ಟು ಹೇಳಿದ: "ಬಿಲ್ಕುಲ್ ನಹೀ ಅಂಕಲ್! ಕಿಸೀ ಕಾ ದರವಾಜಾ ಕಿಸೀ ಕೇ ಸಾಮನೇ ನಹೀ. ಫುಲ್ ಪ್ರೈವಸಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಇಬ್ಬರು ತಟ್ಟಲಿಲ್ಲ. ಆದರೂ ಸೆಕ್ರೆಟರಿ, "ಸರ್ವಾನುಮತ" ಎಂದು ಬರೆದುಕೊಂಡ.

ಅದಲು ಬದಲು

ಮನೆ ಖಾಲಿ ಮಾಡುವ ದಿನ ಬಂತು. ಅವರು ಕಾಂದಿವಲಿಯಲ್ಲಿ ಮಗನ ಮನೆಗೆ. ಏಳನೇ ಮಹಡಿ, ಪಶ್ಚಿಮಕ್ಕೆ ಬಾಲ್ಕನಿ, ಕಾದ ಹೆಂಚಿನಂಥ ಬಿಸಿಲು. ನಮಗೆ ಪಾರ್ಲೆಯಲ್ಲಿ ನೆಲಮಹಡಿಯ ಬಾಡಿಗೆ ಮನೆ. ಕಿಟಕಿ ತೆರೆದರೆ ಪಕ್ಕದ ಬಿಲ್ಡಿಂಗಿನ ಗೋಡೆ. ಬಿಸಿಲು ಯಾವ ಬಣ್ಣದ್ದೆಂದು ಮರೆಯುವಷ್ಟು ನೆರಳು.

ಲಿಲಿಯನ್ನು ಕಾಂದಿವಲಿಗೆ ಒಯ್ದರೆ ಎಲೆ ಸುಟ್ಟುಹೋಗುತ್ತದೆ. ಅಡೇನಿಯಂ ಪಾರ್ಲೆಗೆ ಬಂದರೆ ಹೂ ಬಿಡುವುದಿರಲಿ, ಉಳಿಯುವುದಿಲ್ಲ. ಟೆಂಪೋ ಕೆಳಗೆ ಹಾರ್ನ್ ಹಾಕುತ್ತಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಎರಡು ಕುಂಡ ನಡುವೆ ಇಟ್ಟುಕೊಂಡು ಕೂತೆವು.

"ಗಿಡ ಅದರ ಜಾಗಕ್ಕೆ ಹೋಗ್ಲಿ ಮಾರಾಯ್ರೆ," ಎಂದರು.

"ಸಾಕುವವರು?"

"ನಾವು ಕಲಿಯುವ."

ಜಾಗ ಸರಿಯಾಗಿತ್ತು, ಮನುಷ್ಯರು ತಪ್ಪಾಗಿದ್ದರು. ನೀರು ಕೊಡದೆ ಇರಲಾರದವರ ಹತ್ತಿರ ನೀರು ಬೇಡದ ಗಿಡ. ನೀರು ಬಿಚ್ಚಲಾರದವನ ಹತ್ತಿರ ನೀರೇ ಉಸಿರಾದ ಗಿಡ. ನಾನು ಬುಡವನ್ನು ಒಮ್ಮೆ ಒತ್ತಿ ನೋಡಿದೆ. ಕಲ್ಲಿನಂತೆ ಗಟ್ಟಿ ಇತ್ತು. ಕೊಟ್ಟೆ.

ನನ್ನ ಹೆಂಡತಿ, ಅವರ ಹೆಂಡತಿ ತಬ್ಬಿಕೊಂಡು ಅತ್ತರು. ನಾವು ಅಳಲಿಲ್ಲ. ಟೆಂಪೋದವನಿಗೆ ಕುಂಡ ಹಿಡಿಯುವುದು ಹೇಗೆಂದು ಇಬ್ಬರೂ ಜೋರಾಗಿ ಬೈದೆವು. ಅವನು ಕುಂಡ ಇನ್ನೂ ಮುಟ್ಟಿಯೇ ಇರಲಿಲ್ಲ.

ನೀರು ಹೆಚ್ಚಾಯಿತು

ಪಾರ್ಲೆಯಲ್ಲಿ ನಾನು ಬದಲಾದೆ. ದಿನಾ ಬೆಳಿಗ್ಗೆ ಲಿಲಿಗೆ ನೀರು ಹಾಕತೊಡಗಿದೆ. ಹೆಂಡತಿಗೆ ಹೇಳಲಿಲ್ಲ. ನಾನು ಹಾಕುವುದಿಲ್ಲವೆಂಬ ನಂಬಿಕೆಯಿಂದ ಅವಳು ದಿನಾ ಮಧ್ಯಾಹ್ನ ಹಾಕುತ್ತಿದ್ದಳು. ಅವಳೂ ನನಗೆ ಹೇಳಲಿಲ್ಲ.

ಮುನಿಸಿಪಾಲಿಟಿಯವರು ಡೆಂಗ್ಯೂ ಸೊಳ್ಳೆಯ ಮರಿ ಹುಡುಕುತ್ತ ಬಂದರು. ಕುಂಡದ ಕೆಳಗಿನ ತಟ್ಟೆಗೆ ಟಾರ್ಚ್ ಬಿಟ್ಟರು. ಕೆರೆಯಂತೆ ತುಂಬಿತ್ತು. ಇಷ್ಟು ನೀರು ಯಾಕೆ ನಿಲ್ಲಿಸುತ್ತೀರಿ, ನೀರಿನ ಬೆಲೆ ಗೊತ್ತಿಲ್ಲವೇ ಎಂದು ಅವರಲ್ಲೊಬ್ಬ ನನ್ನನ್ನು ಗದರಿದ.

ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಅವತ್ತೇ ಊರಿಗೆ ಫೋನು ಮಾಡಿ ನಮ್ಮಣ್ಣನಿಗೆ ಹೇಳಿದಳು. ಅಣ್ಣ ನಂಬಲಿಲ್ಲ. "ಬ್ಯಾರೆ ಯಾರದೋ ಮನಿ ಇರಬೇಕು, ಸರಿಯಾಗಿ ನೋಡ್ರಿ" ಅಂದನಂತೆ.

ಮುಖ ಬೇಡ

ಹೋಟೆಲಿನವರು ದಿನಾ ವಿಡಿಯೋ ಕಾಲ್ ಮಾಡುತ್ತಿದ್ದರು. ನಾನು ಫೋನನ್ನು ಲಿಲಿಯ ಎದುರು ಹಿಡಿಯುತ್ತಿದ್ದೆ. "ಎಲೆ ತುದಿ ಕಂದು ಆಗಿದೆ ಅಲ್ವಾ? ನಲ್ಲಿ ನೀರು ಹಿಡಿದಿಟ್ಟು ಮಾರನೇ ದಿನ ಹಾಕಿ," ಎನ್ನುತ್ತಿದ್ದರು. ಆಮೇಲೆ ಅವರು ಅಡೇನಿಯಂ ತೋರಿಸುತ್ತಿದ್ದರು. ಹೂ ಕಾಣುತ್ತಿತ್ತು. ನಾನು ಹೂಂ ಎನ್ನುತ್ತಿದ್ದೆ. ಮುಗಿಯಿತು.

ಒಂದು ದಿನ ಅವರ ಹೆಂಡತಿ ಕೂಗಿದ್ದು ಕೇಳಿಸಿತು: "ಇಷ್ಟು ದಿನ ಆಯ್ತು, ಒಬ್ಬರ ಮುಖ ಒಬ್ಬರು ನೋಡಿದ್ದು ಉಂಟಾ ನೀವು? ಮುಖ ತೋರಿಸಿ ಅವರಿಗೆ!"

ಹೋಟೆಲಿನವರು ಫೋನು ತಿರುಗಿಸಿದರು. ನಾನೂ ತಿರುಗಿಸಿದೆ. ಇಬ್ಬರೂ ನೋಡಿಕೊಂಡೆವು. ಕೊನೆಗೆ ಅವರೇ ಹೇಳಿದರು:

"ಬೇಡ ಮಾರಾಯ್ರೆ. ಗಿಡವೇ ಚೆನ್ನಾಗಿ ಕಾಣ್ತದೆ."

ಕಾಂದಿವಲಿ

ಮಳೆಗಾಲ ಕಳೆದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಅವರು ಹೂ ತೋರಿಸುತ್ತಿದ್ದರು, ಎಲೆ ತೋರಿಸುತ್ತಿದ್ದರು. ಕೆಳಗೆ ತೋರಿಸುತ್ತಿರಲಿಲ್ಲ.

"ಬುಡ ತೋರಸ್ರಿ," ಎಂದೆ.

"ನೆಟ್‌ವರ್ಕ್ ಇಲ್ಲ ಮಾರಾಯ್ರೆ."

ಮರುದಿನ ಕೇಳಿದೆ. ಫೋನಿನ ಚಾರ್ಜ್ ಮುಗಿಯಿತು. ಅದರ ಮರುದಿನ ಬಾಲ್ಕನಿಯಲ್ಲಿ ಸೊಸೆ ಬಟ್ಟೆ ಒಣಹಾಕಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಲೋಕಲ್ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನೆಲ್ಲ ಜೋಡಿಸಿಕೊಂಡೆ. ಕಾಂದಿವಲಿ ಬರುವ ಹೊತ್ತಿಗೆ ದೊಡ್ಡ ಭಾಷಣವೇ ಆಗಿತ್ತು.

ಅವರ ಹೆಂಡತಿ ಬಾಗಿಲು ತೆರೆದರು. ನನ್ನನ್ನು ನೋಡಿ ನಗಲು ಹೋಗಿ ನಿಲ್ಲಿಸಿದರು. "ಬಾಲ್ಕನಿಯಲ್ಲಿ ಇದ್ದಾರೆ," ಎಂದು ಅಡುಗೆಮನೆಗೆ ಹೋದರು.

ನನ್ನ ಅದೇ ದೊಡ್ಡ ಮಣ್ಣಿನ ಕುಂಡ. ನಡುವೆ ಬೆರಳಿನಷ್ಟು ದಪ್ಪದ ಒಂದು ಕಡ್ಡಿ. ಅದರ ತುದಿಯಲ್ಲಿ ಗುಲಾಬಿ ಹೂವಿನ ಗೊಂಚಲು. ಬುಡ ಇರಲಿಲ್ಲ. ಹೋಟೆಲಿನವರು ಅದರ ಪಕ್ಕದಲ್ಲಿ ನಿಂತಿದ್ದರು, ಕೈಯಿಂದ ಟ್ರೇ ಜಾರಿದ ಮಾಣಿಯ ಹಾಗೆ.

"ನಾನು ಹಾಕಿದ್ದಲ್ಲ," ಎಂದರು. "ಆಣೆ. ಒಂದು ಹನಿ ಹಾಕಿಲ್ಲ. ಮಳೆ ಅಡ್ಡ ಹೊಡೆದದ್ದು. ಬೆಳಿಗ್ಗೆ ನೋಡಿದರೆ ಬುಡ ಮೆತ್ತಗೆ. ಮೇಲಿನ ಒಂದು ಕೊಂಬೆ ಗಟ್ಟಿ ಇತ್ತು. ಕುಯ್ದು, ಒಣಗಿಸಿ, ಮರಳಿನಲ್ಲಿ ಊರಿದೆ. ನಿಮಗೆ ಹೇಳ್ಬೇಕು ಅಂತ ದಿನಾ ಫೋನ್ ಮಾಡಿದ್ದು. ದಿನಾ ಬಾಯಿಗೆ ಬರಲಿಲ್ಲ."

ಕೊಂಬೆಯಿಂದ ಬೆಳೆಸಿದ ಅಡೇನಿಯಂಗೆ ಅಂಥ ಬುಡ ಬರುವುದಿಲ್ಲ. ಬಂದರೂ ನೋಡಲು ನಾವಿಬ್ಬರೂ ಇರುವುದಿಲ್ಲ. ಅದು ನನಗೆ ಗೊತ್ತು. ಅವರಿಗೂ ಗೊತ್ತು. ಲೋಕಲ್ಲಿನಲ್ಲಿ ಜೋಡಿಸಿದ ಭಾಷಣವನ್ನು ಹುಡುಕಿದೆ. ಸಿಗಲಿಲ್ಲ.

"ಸಣ್ಣಾಗ್ಯದ," ಎಂದೆ.

"ಕಾಂದಿವಲಿಗೆ ಬಂದ ಮೇಲೆ ಎಲ್ಲರೂ ಸಣ್ಣ ಆದದ್ದೇ ಮಾರಾಯ್ರೆ."

ಆಗ ಅವರನ್ನು ಸರಿಯಾಗಿ ನೋಡಿದೆ. ಅಂಗಿ ಹೆಗಲಿನಿಂದ ಜೋಲುತ್ತಿತ್ತು. ಕೆನ್ನೆ ಒಳಗೆ ಹೋಗಿತ್ತು. ಜನ್ಮವಿಡೀ ಬರುವವರ, ಹೋಗುವವರ ನಡುವೆ ಕೂತವರು. ಈ ಏಳನೇ ಮಹಡಿಗೆ ಯಾರು ಬರಬೇಕು?

"ಬಿಸಲಿಗೆ ಇಡ್ರಿ," ಎಂದೆ. "ತುಂಬಿಕೊಳ್ತದ."

ಒಳಗಿನಿಂದ ಅವರ ಹೆಂಡತಿಯ ಧ್ವನಿ ಬಂತು: "ಯಾರನ್ನು ಹೇಳುವುದು? ಗಿಡವನ್ನಾ, ಇವರನ್ನಾ?"

"ಇಬ್ಬರನ್ನೂ ಬಾಲ್ಕನಿಯಾಗ ಕೂಡಸ್ರಿ," ಎಂದೆ.

"ಹಾಗಾದ್ರೆ ನೀವೂ ಇಲ್ಲೇ ಕೂತ್ಕೊಳ್ಳಿ ಮಾರಾಯ್ರೆ," ಎಂದರು ಹೋಟೆಲಿನವರು. "ಮೂರು ಕುಂಡಕ್ಕೆ ಜಾಗ ಉಂಟು."